ದೀಪಾವಳಿಯಿಂದ ಪತ್ತನಾಜೆವರೆಗೆ: ಬೇಸ್ ಗಿಟಾರಿಗೊಂದು ವಯರ್‌ಲೆಸ್

ಮಂಗಳೂರು ಮತ್ತು ಉಡುಪಿಯ ಆಸುಪಾಸಿನ ರಸಮಂಜರಿ ತಂಡಗಳಲ್ಲಿ, ಮದುವೆಯ ರಿಸೆಪ್ಷನ್‌ಗಳಲ್ಲಿ, ಬ್ರಹ್ಮಕಲಶೋತ್ಸವದ ವೇದಿಕೆಗಳಲ್ಲಿ ಹಲವು ವರ್ಷಗಳಿಂದ ಬೇಸ್ ಗಿಟಾರ್ ನುಡಿಸುತ್ತಿದ್ದೇನೆ. ದೀಪಾವಳಿಗೆ ಶುರುವಾಗಿ, ಮಳೆಗಾಲಕ್ಕೆ ಮುನ್ನ ತುಳುವರ ಪತ್ತನಾಜೆಯ ದಿನಕ್ಕೆ ಮುಗಿಯುವ ಕಳೆದ ಸೀಸನ್ನಿನಲ್ಲಿ ಕೇಬಲನ್ನು ಪೂರ್ತಿಯಾಗಿ ಬದಿಗಿಟ್ಟು ವಯರ್‌ಲೆಸ್ ಮೂಲಕ ನುಡಿಸಿದೆ. ಮೊದಲು ತಂದದ್ದು ಸರಿಹೋಗಲಿಲ್ಲ. ಎರಡನೆಯದಾಗಿ ತಂದ ಬಾಸ್ ಕಂಪನಿಯ ಡಬ್ಲ್ಯುಎಲ್-60 ಈಗ ನನ್ನ ಚೀಲದ ಕಾಯಂ ಸಾಮಾನಾಗಿದೆ. ಎರಡರಿಂದಲೂ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಅಂಗಡಿಯಲ್ಲಿ ಎಲ್ಲರೂ ಕೇಳುವ ಮೊದಲ ಪ್ರಶ್ನೆ, ಅಂದರೆ ಇದು ಎಷ್ಟು ಮೀಟರ್ ದೂರ ಹೋಗುತ್ತದೆ ಎನ್ನುವುದು, ನಮ್ಮ ವೇದಿಕೆಗಳ ಮಟ್ಟಿಗೆ ಬಹುತೇಕ ಕೆಲಸಕ್ಕೆ ಬಾರದ ಪ್ರಶ್ನೆ ಎಂದು ನನಗೆ ಮನವರಿಕೆಯಾಗಿದೆ.

ವೇದಿಕೆಯ ಮೇಲೆ ಓಡಾಡುವ ಆಸೆಯಿಂದ ನಾನು ವಯರ್‌ಲೆಸ್ ಹುಡುಕಿದ್ದಲ್ಲ. ಒಂದು ಮೆಹಂದಿ ಕಾರ್ಯಕ್ರಮದಲ್ಲಿ, ಮನೆಯಂಗಳದಲ್ಲಿ ಹಾಕಿದ್ದ ಶಾಮಿಯಾನದ ಕೆಳಗೆ, ಕೋರಸ್ ಹಾಡಲೆಂದು ಮೈಕಿಗೆ ಬಾಯಿ ಹತ್ತಿರ ತಂದಾಗ ತುಟಿಗೆ ಸೂಜಿ ಚುಚ್ಚಿದಂತೆ ಶಾಕ್ ಹೊಡೆಯಿತು. ನನ್ನ ಆ್ಯಂಪಿಗೆ (ಆ್ಯಂಪ್ಲಿಫೈಯರಿಗೆ) ಮನೆಯ ಪ್ಲಗ್ಗಿನಿಂದ ಕರೆಂಟ್, ಸೌಂಡ್‌ನವರ ಮಿಕ್ಸರಿಗೆ ಜನರೇಟರಿನಿಂದ ಕರೆಂಟ್, ಎರಡರ ಅರ್ಥಿಂಗ್ ಬೇರೆ ಬೇರೆ. ಬೇಸ್ ಗಿಟಾರಿನ ತಂತಿಗಳು ಕೇಬಲಿನ ಹೊರಹೆಣಿಗೆಯ ಮೂಲಕ ಆ್ಯಂಪಿನ ಅರ್ಥಿಗೆ ಸೇರಿರುತ್ತವೆ, ಮೈಕಿನ ಜಾಲರಿ ಮಿಕ್ಸರಿನ ಅರ್ಥಿಗೆ ಸೇರಿರುತ್ತದೆ. ಒಂದು ಕಡೆ ಅರ್ಥಿಂಗ್ ಕೆಟ್ಟಿದ್ದರೆ ಅವೆರಡರ ನಡುವೆ ಸೇತುವೆಯಾಗುವುದು ನುಡಿಸುವವನ ದೇಹ. ಮಳೆ ಬಿದ್ದು ನೆಲ ಒದ್ದೆಯಾಗಿದ್ದ ದಿನ ಇದೇ ಆದರೆ ಏನಾಗಬಹುದೆಂದು ಯೋಚಿಸಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ವಯರ್‌ಲೆಸ್‌ನಲ್ಲಿ ಗಿಟಾರಿಗೂ ಆ್ಯಂಪಿಗೂ ನಡುವೆ ತಂತಿಯೇ ಇಲ್ಲದ ಕಾರಣ ಈ ದಾರಿ ಕಡಿಯುತ್ತದೆ. ಕೆಟ್ಟ ಅರ್ಥಿಂಗನ್ನು ಸರಿಪಡಿಸುವ ಜವಾಬ್ದಾರಿ ಇದರಿಂದ ತಪ್ಪುವುದಿಲ್ಲ. ಆದರೂ ಮೈಕಿನಲ್ಲಿ ಹಾಡುತ್ತ ಬೇಸ್ ನುಡಿಸುವವರಿಗೆ ವಯರ್‌ಲೆಸ್ ಬೇಕು ಎನ್ನಲು ನನಗೆ ಈ ಒಂದು ಕಾರಣವೇ ಸಾಕು.

ಮೊದಲು ತಂದದ್ದು ನಾಲ್ಕೈದು ಸಾವಿರದೊಳಗೆ ಸಿಗುವ, ಜಾಕಿಗೆ ನೇರವಾಗಿ ಚುಚ್ಚುವ ಪುಟ್ಟ ಜೋಡಿ: ಗಿಟಾರಿನಿಂದ ಸದ್ದು ಕಳುಹಿಸುವ ಟ್ರಾನ್ಸ್‌ಮಿಟರ್, ಆ್ಯಂಪಿನ ಕಡೆ ಅದನ್ನು ಹಿಡಿಯುವ ರಿಸೀವರ್. ಮನೆಯಲ್ಲಿ ಯಾವ ದೋಷವೂ ಕಾಣಲಿಲ್ಲ. ಸುರತ್ಕಲ್ ಕಡೆಯ ಒಂದು ಸಭಾಂಗಣದಲ್ಲಿ ಸಂಜೆ 5 ಗಂಟೆಗೆ ಸೌಂಡ್ ಚೆಕ್ ಮಾಡಿದಾಗಲೂ ಖಾಲಿ ಕುರ್ಚಿಗಳ ನಡುವೆ ಹಿಂದಿನ ಬಾಗಿಲಿನವರೆಗೆ ನಡೆದುಕೊಂಡು ಹೋಗಿ ನುಡಿಸಿ ಬಂದಿದ್ದೆ. ರಾತ್ರಿ 9ರ ಹೊತ್ತಿಗೆ ಸಭಾಂಗಣ ತುಂಬಿತು. ಒಂದು ನಿಧಾನಗತಿಯ ಹಾಡಿನಲ್ಲಿ ಕೆಳಗಿನ ಬಿ ತಂತಿಯ ಉದ್ದನೆಯ ಸ್ವರ ಹಿಡಿದಿದ್ದೆ. ಬೆರಳಿನ ಕೆಳಗೆ ತಂತಿ ನಡುಗುತ್ತಲೇ ಇತ್ತು, ಸ್ಪೀಕರಿನಲ್ಲಿ ಸ್ವರವಿರಲಿಲ್ಲ. ಅರೆಕ್ಷಣ ಬಿಟ್ಟು ಬಂತು, ಮತ್ತೆ ಹೋಯಿತು. ಡಿಜಿಟಲ್ ವಯರ್‌ಲೆಸ್ ಕೈಕೊಡುವುದು ಹೀಗೆಯೇ. ಹಳೆಯ ಅನಲಾಗ್ ಸೆಟ್ಟುಗಳಂತೆ ಮೊದಲು ಕರಕರ ಎಂದು ಎಚ್ಚರಿಕೆ ಕೊಡುವುದಿಲ್ಲ, ನೇರವಾಗಿ ಮೌನವಾಗುತ್ತದೆ. ಹಾಡು ಮುಗಿದ ಮೇಲೆ ಸೌಂಡ್‌ನವರು ಬಂದು, "ಮಾರಾಯ್ರೆ, ನಿಮ್ಮ ಬೇಸ್ ಒಮ್ಮೆ ಉಂಟು, ಒಮ್ಮೆ ಇಲ್ಲ, ಕೇಬಲ್ ಹಾಕಿಬಿಡಿ" ಎಂದರು. ಹಾಕಿದೆ.

ಮರುವಾರ ಅದೇ ಸೌಂಡ್‌ನವರೊಂದಿಗೆ ಕುಳಿತು ಕಾರಣ ಹುಡುಕಿದೆವು. ಇಂಥ ಜೋಡಿಗಳು 2.4 ಗಿಗಾಹರ್ಟ್ಸ್ ಎಂಬ ರೇಡಿಯೋ ತರಂಗಗಳ ಪಟ್ಟಿಯಲ್ಲಿ ಕೆಲಸ ಮಾಡುತ್ತವೆ. ಭಾರತದಲ್ಲಿ ಆ ಪಟ್ಟಿಗೆ ಲೈಸೆನ್ಸ್ ಬೇಕಿಲ್ಲ, ಆದ್ದರಿಂದಲೇ ವೈಫೈ, ಬ್ಲೂಟೂತ್ ಎಲ್ಲವೂ ಅಲ್ಲಿಯೇ ಸೇರಿಕೊಂಡಿವೆ. ಸಭಾಂಗಣದಲ್ಲಿ ನೂರಾರು ಮೊಬೈಲ್ ಬಂದು ಕುಳಿತಾಗ ಆ ಪಟ್ಟಿ ಪೇಟೆಯ ಬಸ್ ನಿಲ್ದಾಣದಂತೆ ಗಿಜಿಗುಡುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ನಮ್ಮ ಕಾಲ ಬುಡದಲ್ಲಿಯೇ ಇತ್ತು. ಈಗ ನಮ್ಮ ಕಡೆ ಡಿಜಿಟಲ್ ಮಿಕ್ಸರನ್ನು ಟ್ಯಾಬ್ ಹಿಡಿದು ಸಭೆಯ ನಡುವಿನಿಂದ ನಡೆಸುವುದು ಸಾಮಾನ್ಯ. ಅದಕ್ಕೆ ಬೇಕಾದ ವೈಫೈ ರೂಟರ್ ವೇದಿಕೆಯ ಮೇಲೆಯೇ, ನನ್ನ ರಿಸೀವರಿನಿಂದ ಒಂದು ಮಾರು ದೂರದಲ್ಲಿ, ಅದೇ 2.4 ಗಿಗಾಹರ್ಟ್ಸ್‌ನಲ್ಲಿ ಕೂಗುತ್ತಿತ್ತು. ನನ್ನ ಟ್ರಾನ್ಸ್‌ಮಿಟರಿನ ಸಣ್ಣ ದನಿ ಅದರ ಪಕ್ಕದಲ್ಲಿ ಕೇಳಿಸುವುದಾದರೂ ಹೇಗೆ? ರೂಟರನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ, ರಿಸೀವರಿನಿಂದ ದೂರ ಒಯ್ದು ಇಟ್ಟೆವು. ಅದೇ ಅಗ್ಗದ ಜೋಡಿ ಮುಂದಿನ ಕಾರ್ಯಕ್ರಮದಲ್ಲಿ ಎರಡೇ ಸಲ ತಡವರಿಸಿತು. ಯಾವ ಕಂಪನಿಯ ಸೆಟ್ಟು ತಂದರೂ, ಎಷ್ಟು ಹಣ ಕೊಟ್ಟರೂ, 2.4ರಲ್ಲಿ ನುಡಿಸುವವರು ವೇದಿಕೆ ಹತ್ತಿದ ಕೂಡಲೇ ಸೌಂಡ್‌ನವರಲ್ಲಿ ಈ ಒಂದು ಮಾತು ಕೇಳಲೇಬೇಕು: ನಿಮ್ಮ ರೂಟರ್ ಎಲ್ಲಿದೆ, ಅದು ಯಾವ ಪಟ್ಟಿಯಲ್ಲಿದೆ?

ಇನ್ನೊಂದು ಕಾರಣ ನಮ್ಮ ದೇಹ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್. ಹೆಚ್ಚಿನಂಶ ನೀರೇ ಆಗಿರುವ ಮನುಷ್ಯನ ಶರೀರ ಅದನ್ನು ಬಹುಮಟ್ಟಿಗೆ ಹೀರಿಕೊಳ್ಳುತ್ತದೆ. ರಿಸೀವರನ್ನು ಎಲ್‌ಇಡಿ ವಾಲಿನ ಹಿಂದೆ ಎಲ್ಲೋ ಇಟ್ಟು, ನಡುವೆ ಕೋರಸ್‌ನವರು, ಡ್ರಮ್ಸ್, ನೃತ್ಯದ ಮಕ್ಕಳು ನಿಂತರೆ ಪೆಟ್ಟಿಗೆಯ ಮೇಲೆ ಬರೆದ ಮೂವತ್ತು ಮೀಟರ್ ಐದಾರು ಮೀಟರಿಗೆ ಇಳಿದರೂ ಆಶ್ಚರ್ಯವಿಲ್ಲ. ಪೆಟ್ಟಿಗೆಯ ಮೇಲೆ ಬರೆಯುವ ದೂರ ಬಯಲಿನಲ್ಲಿ, ಅಡ್ಡಿಯಿಲ್ಲದೆ ಅಳೆದದ್ದು. ನಮ್ಮ ಬೇಸ್ ವಾದಕರು ಆ್ಯಂಪಿನಿಂದ ಆರು ಮೀಟರ್ ಆಚೆ ಹೋಗುವುದು ಅಪರೂಪ. ಆದ್ದರಿಂದ ದೂರವನ್ನು ನಾನು ಆಯ್ಕೆಯ ಲೆಕ್ಕದಿಂದ ತೆಗೆದುಹಾಕಿದೆ.

ಎರಡನೆಯ ಸಲ ಕೊಳ್ಳಲು ಹೊರಟಾಗ ಬೇಸಿಗೆ ವಿಶೇಷವಾದ ಸಂಗತಿಗಳನ್ನು ಮುಂದಿಟ್ಟುಕೊಂಡೆ. ನನ್ನದು ಐದು ತಂತಿಯ ಆ್ಯಕ್ಟಿವ್ ಬೇಸ್, ಅಂದರೆ ಒಳಗೆ ಬ್ಯಾಟರಿಯಿಂದ ನಡೆಯುವ ಸರ್ಕ್ಯೂಟ್ ಇರುವಂಥದ್ದು. ಅದರ ಬೆರಳೊತ್ತದೆ ಬಿಟ್ಟ ಬಿ ತಂತಿಯ ಕಂಪನ 30.87 ಹರ್ಟ್ಸ್, ಇ ತಂತಿಯದು 41.2. ಪರಿಚಯದ ವಾದಕರೊಬ್ಬರು ತಮ್ಮ ಹಳೆಯ ಅನಲಾಗ್ ಯುಎಚ್‌ಎಫ್ ಸೆಟ್ಟನ್ನು ಕಡಿಮೆ ಬೆಲೆಗೆ ಕೊಡಲು ಮುಂದೆ ಬಂದಿದ್ದರು, ಅದನ್ನು ಒಪ್ಪದಿರಲು ಎರಡು ಕಾರಣಗಳಿದ್ದವು. ಅನಲಾಗ್ ಸೆಟ್ಟುಗಳು ಕಳುಹಿಸುವ ಮುನ್ನ ಸದ್ದಿನ ಏರಿಳಿತವನ್ನು ಅದುಮಿ, ಇನ್ನೊಂದು ತುದಿಯಲ್ಲಿ ಮತ್ತೆ ಹಿಗ್ಗಿಸುತ್ತವೆ. ಬಿ ತಂತಿಯ ಒಂದು ಸುತ್ತಿಗೆ 32 ಮಿಲಿಸೆಕೆಂಡ್ ಹಿಡಿಯುವುದರಿಂದ, ಆ ಸರ್ಕ್ಯೂಟ್ ಸ್ವರದ ಸುತ್ತನ್ನೇ ಸದ್ದಿನ ಏರಿಳಿತವೆಂದು ತಪ್ಪಾಗಿ ತಿಳಿದು ಕೆಳಗಿನ ಸ್ವರಗಳನ್ನು ಕದಡುವ ಸಾಧ್ಯತೆಯಿದೆ. ಹೆಬ್ಬೆರಳಿನಿಂದ ತಂತಿಗೆ ಬಡಿಯುವ ಸ್ಲ್ಯಾಪ್ ಹೊಡೆತದ ಮೊನೆಯೂ ಮೊಂಡಾಗುತ್ತದೆ. ಎರಡನೆಯ ಕಾರಣ ಇನ್ನೂ ಗಟ್ಟಿಯಾದದ್ದು: ಆ ಸೆಟ್ಟು 700 ಮೆಗಾಹರ್ಟ್ಸ್ ಪಟ್ಟಿಯದ್ದು. 2022ರ ಹರಾಜಿನಲ್ಲಿ ಆ ಪಟ್ಟಿಯ ತರಂಗಗಳು ಮೊಬೈಲ್ ಸೇವೆಗೆ ಹೋಗಿವೆ. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಇಂಥ ಸೆಟ್ಟುಗಳು ಈಗಲೂ ಓಡಾಡುತ್ತಿವೆ. ಹಿಂದಿರುವ ಚೀಟಿಯಲ್ಲಿ 700ರ ಮೇಲಿನ ಸಂಖ್ಯೆ ಕಂಡರೆ ದಯವಿಟ್ಟು ಬಿಟ್ಟುಬಿಡಿ.

ಉಳಿದದ್ದು ಡಿಜಿಟಲ್. ನನ್ನ ಪಟ್ಟಿಯಲ್ಲಿ ಮೂರು ಹೆಸರುಗಳಿದ್ದವು: ಲೈನ್ 6 ರಿಲೇ ಜಿ50, ಶೂರ್ ಜಿಎಲ್‌ಎಕ್ಸ್‌ಡಿ16, ಬಾಸ್ ಡಬ್ಲ್ಯುಎಲ್-60. ಮೂರೂ 2.4 ಗಿಗಾಹರ್ಟ್ಸ್‌ನವು, ಮೂರಕ್ಕೂ ಸೊಂಟಕ್ಕೋ ಗಿಟಾರಿನ ಹೆಗಲ ಪಟ್ಟಿಗೋ ಸಿಕ್ಕಿಸುವ ಟ್ರಾನ್ಸ್‌ಮಿಟರ್, ಅಂದರೆ ಬಾಡಿಪ್ಯಾಕ್ ಇದೆ, ಮೂರರ ರಿಸೀವರೂ ಕಾಲಿನಿಂದ ಒತ್ತುವ ಗಿಟಾರ್ ಪೆಡಲಿನ ಆಕಾರದ್ದು. ರಿಲೇ ಜಿ50 ಬಹಳ ಕಾಲದಿಂದ ಹೆಸರಾದದ್ದು, ಅದರ ವ್ಯಾಪ್ತಿ 10 ಹರ್ಟ್ಸ್‌ನಿಂದಲೇ ಆರಂಭವಾಗುತ್ತದೆ. ಶೂರ್‌ನದರಲ್ಲಿ ರಿಸೀವರಿನೊಳಗೆ ಒಳ್ಳೆಯ ಟ್ಯೂನರ್ ಇದೆ, ಲಿಥಿಯಂ ಬ್ಯಾಟರಿ 16 ಗಂಟೆಯವರೆಗೆ ಬರುತ್ತದೆಂದು ಕಂಪನಿ ಹೇಳುತ್ತದೆ, ಅಡಚಣೆ ಬಂದಾಗ ಅದು ತಾನಾಗಿಯೇ ಬೇರೆ ಚಾನೆಲಿಗೆ ಹಾರುತ್ತದೆ. ಬೆಲೆಯ ಚಿಂತೆ ಇಲ್ಲದವರು, ರಾತ್ರಿ ಮನೆಗೆ ಮರಳಿ ಚಾರ್ಜಿಗೆ ಹಾಕುವ ಶಿಸ್ತು ಇರುವವರು ಅದನ್ನು ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು.

ನಾನು ಡಬ್ಲ್ಯುಎಲ್-60 ಆರಿಸಿದ್ದಕ್ಕೆ ಮುಖ್ಯ ಕಾರಣ ಅದರ ಎಎ ಸೆಲ್. ಕಾರ್ಯಕ್ರಮ ಕಾರ್ಕಳದಲ್ಲೋ ಹೆಬ್ರಿಯಲ್ಲೋ ಇರುತ್ತದೆ, ಸಭಾ ಕಾರ್ಯಕ್ರಮ ಎಳೆದು ನಮ್ಮ ಸರದಿ ಬರುವಾಗ ರಾತ್ರಿ 11 ಆಗಿರುತ್ತದೆ. ಆ ಹೊತ್ತಿನಲ್ಲಿ ಒಳಗೇ ಕೂರಿಸಿದ ಬ್ಯಾಟರಿ ಖಾಲಿಯಾದರೆ ಮಾಡುವಂಥದ್ದು ಏನೂ ಇಲ್ಲ, ಎಎ ಸೆಲ್ಲಾದರೆ ಜಾತ್ರೆಯ ಗೂಡಂಗಡಿಯಲ್ಲಿ ಸಿಗುತ್ತದೆ. ಆಲ್ಕಲೈನ್ ಸೆಲ್ ಹಾಕಿದರೆ ನನ್ನ ಬಳಕೆಯಲ್ಲಿ ಮೂರ್ನಾಲ್ಕು ಕಾರ್ಯಕ್ರಮಗಳು ಆರಾಮವಾಗಿ ಮುಗಿಯುತ್ತವೆ, ಎಷ್ಟು ಉಳಿದಿದೆ ಎನ್ನುವುದು ರಿಸೀವರಿನ ಪರದೆಯಲ್ಲಿ ಕಾಣುತ್ತದೆ. ವೇದಿಕೆಗೆ ಬಂದಾಗ ಸುತ್ತಲಿನ ತರಂಗಗಳನ್ನು ತಾನೇ ಪರೀಕ್ಷಿಸಿ 14 ಚಾನೆಲ್‌ಗಳಲ್ಲಿ ಖಾಲಿ ಇರುವುದನ್ನು ತೋರಿಸುತ್ತದೆ. ಈ ಪರೀಕ್ಷೆಯನ್ನು ಸಂಜೆ ಮಾಡಿ ಬಿಟ್ಟುಬಿಡಬೇಡಿ. ಸಭೆ ತುಂಬಿದ ಮೇಲೆ, ನಿಮ್ಮ ಸರದಿಗೆ ಹತ್ತು ನಿಮಿಷ ಇರುವಾಗ ಇನ್ನೊಮ್ಮೆ ಮಾಡಿ. ಕಂಪನಿ ಹೇಳುವ ದೂರ 20 ಮೀಟರ್, ಮೂರರಲ್ಲಿ ಅತಿ ಕಡಿಮೆ. ಇಡೀ ಸೀಸನ್ನಿನಲ್ಲಿ ಅದು ನನಗೆ ಸಾಲದೆ ಹೋದ ದಿನ ಒಂದೂ ಇಲ್ಲ.

ಸ್ವರ ತಡವಾಗಿ ಬರುವುದರ ಬಗ್ಗೆ ಹಲವರಿಗೆ ಆತಂಕವಿದೆ. ಇದರಲ್ಲಿ ಆ ವಿಳಂಬ 2.3 ಮಿಲಿಸೆಕೆಂಡ್; ನಮ್ಮ ಕರಾವಳಿಯ ಸೆಕೆಯ ಗಾಳಿಯಲ್ಲಿ ಸದ್ದು ಅಷ್ಟು ಹೊತ್ತಿನಲ್ಲಿ ಸುಮಾರು 80 ಸೆಂಟಿಮೀಟರ್ ಸಾಗುತ್ತದೆ. ಆ್ಯಂಪಿನಿಂದ ಒಂದು ಹೆಜ್ಜೆ ಹಿಂದೆ ನಿಂತಷ್ಟೇ ವ್ಯತ್ಯಾಸ. ಡಿಜಿಟಲ್ ಮಿಕ್ಸರ್, ಕಿವಿಯ ಮಾನಿಟರ್ ಎಲ್ಲವೂ ಡಿಜಿಟಲ್ ಆಗಿದ್ದರೆ ಒಟ್ಟು ವಿಳಂಬವನ್ನು ಕೂಡಿಸಿ ನೋಡಬೇಕು. ನಾನು ಇನ್ನೂ ಆ್ಯಂಪನ್ನು ಕೇಳಿಯೇ ನುಡಿಸುವುದರಿಂದ ಡ್ರಮ್ಸ್‌ನವರ ಕಿಕ್ಕಿನೊಂದಿಗೆ ಕೂರುವುದರಲ್ಲಿ ತೊಡಕು ಕಾಣಲಿಲ್ಲ.

ನಾದದ ವಿಷಯದಲ್ಲಿ ಒಂದು ಬದಲಾವಣೆ ನಿಜ. ಬ್ಯಾಟರಿಯಿಲ್ಲದ ಪ್ಯಾಸಿವ್ ಬೇಸಿಗೆ ಆರು ಮೀಟರಿನ ಕೇಬಲ್ ಹಾಕಿ ವರ್ಷಗಟ್ಟಲೆ ನುಡಿಸಿದವರ ಕಿವಿಗೆ ಆ ಕೇಬಲ್ ತಿಂದುಹಾಕುವ ಮೇಲಿನ ಸ್ವರಾಂಶದ ಕೊರತೆಯೇ ಒಗ್ಗಿರುತ್ತದೆ. ವಯರ್‌ಲೆಸ್ ಹಾಕಿದಾಗ ಬೆರಳು ಉಜ್ಜುವ ಸದ್ದು, ಫ್ರೆಟ್ಟಿನ ಕಿಟಿಕಿಟಿ ಎಲ್ಲವೂ ಎದ್ದು ಕೇಳುತ್ತದೆ. ಡಬ್ಲ್ಯುಎಲ್-60ರಲ್ಲಿ ಕೇಬಲಿನ ಗುಣವನ್ನು ಅನುಕರಿಸುವ ವ್ಯವಸ್ಥೆ ಇದೆ, ತಂಡದ ಇನ್ನೊಬ್ಬರ ಪ್ಯಾಸಿವ್ ಬೇಸಿನಲ್ಲಿ ಅದನ್ನು ಹಾಕಿದಾಗ ಹಳೆಯ ದುಂಡುತನ ಮರಳಿತು. ನನ್ನ ಆ್ಯಕ್ಟಿವ್ ಬೇಸಿಗೆ ಅದರ ಅಗತ್ಯವಿಲ್ಲ, ಆಫ್ ಮಾಡಿಯೇ ಇಟ್ಟಿದ್ದೇನೆ. ಆ್ಯಕ್ಟಿವ್ ಬೇಸಿನವರು ಗಮನಿಸಬೇಕಾದದ್ದು ಜಾಕನ್ನು. ಅದರಲ್ಲಿ ಮೂರು ಸ್ಪರ್ಶಬಿಂದುಗಳಿದ್ದು, ಸಾಮಾನ್ಯ ಮೋನೋ ಪಿನ್ ಒಳಹೊಕ್ಕಾಗಲೇ ಒಳಗಿನ 9 ವೋಲ್ಟ್ ಬ್ಯಾಟರಿ ಚಾಲೂ ಆಗುತ್ತದೆ. ನೇರವಾಗಿ ಚುಚ್ಚುವ ಕೆಲವು ಟ್ರಾನ್ಸ್‌ಮಿಟರುಗಳ ಪಿನ್ನಿನ ರಚನೆ ಬೇರೆಯಾಗಿದ್ದು ಇದಕ್ಕೆ ಹೊಂದುವುದಿಲ್ಲ. ಬಾಡಿಪ್ಯಾಕಿನ ತಂತಿಯಲ್ಲಿ ಈ ಗೊಂದಲ ಕಡಿಮೆ.

ಬಾಡಿಪ್ಯಾಕೇ ಏಕೆ ಎನ್ನುವುದಕ್ಕೆ ನನ್ನ ಮೊದಲ ಬೇಸಿನ ಅಂಚಿನಲ್ಲಿ ಸಾಕ್ಷಿ ಇದೆ. ಜಾಕಿನಿಂದ ಹೆಬ್ಬೆರಳಿನಷ್ಟು ಹೊರಚಾಚಿದ್ದ ಟ್ರಾನ್ಸ್‌ಮಿಟರ್ ಕುರ್ಚಿಯ ತೋಳಿಗೆ ತಗುಲಿ, ಜಾಕಿನ ತಗಡು ಮರದೊಳಕ್ಕೆ ಕೂದಲೆಳೆಯಷ್ಟು ಬಾಗಿದೆ. ಬಿಚ್ಚಿ ನೋಡಿದಾಗ ಪಿನ್ನಿನ ಮೇಲೆ ಬೆವರು ಮತ್ತು ಉಪ್ಪುಗಾಳಿ ಸೇರಿ ಮೂಡಿದ ಹಸಿರು ಕಿಲುಬು ಇತ್ತು. ಈಗ ತಂತಿಯನ್ನು ಬೇಸಿನ ಪಟ್ಟಿಯೊಳಗಿಂದ ಒಮ್ಮೆ ಸುತ್ತಿ ತಂದು ಜಾಕಿಗೆ ಹಾಕುತ್ತೇನೆ. ಯಾರಾದರೂ ಎಳೆದರೂ ಭಾರ ಪಟ್ಟಿಯ ಮೇಲೆ ಬೀಳುತ್ತದೆ. ಪ್ಯಾಕನ್ನು ಬೆನ್ನಿನ ಬದಿಯಲ್ಲಿ, ತೆಳುವಾದ ಬಟ್ಟೆಯ ಚೀಲದಲ್ಲಿಟ್ಟು ಪಟ್ಟಿಗೆ ಸಿಕ್ಕಿಸುತ್ತೇನೆ.

ಬೆನ್ನಿನ ಬದಿಯಲ್ಲಿ ಎಂದ ಕೂಡಲೇ ರಿಸೀವರಿನ ಜಾಗವೂ ನಿರ್ಧಾರವಾಗುತ್ತದೆ. ಪೆಡಲಿನ ಆಕಾರವಿದೆಯೆಂದು ಮೊದಲೆರಡು ಕಾರ್ಯಕ್ರಮಗಳಲ್ಲಿ ಅದನ್ನು ಕಾಲಬಳಿ, ಮುಂದುಗಡೆ ಇಟ್ಟಿದ್ದೆ. ಸಭೆಗೆ ಮುಖ ಮಾಡಿ ನಿಂತಾಗ ಪ್ಯಾಕಿಗೂ ರಿಸೀವರಿಗೂ ನಡುವೆ ನನ್ನ ಶರೀರವೇ ಗೋಡೆಯಾಗಿ ಸಿಗ್ನಲಿನ ಗೆರೆಗಳು ಕಡಿಮೆಯಾಗುವುದು ಪರದೆಯಲ್ಲಿಯೇ ಕಂಡಿತು. ಅದನ್ನೆತ್ತಿ ಹಿಂದಿನ ಆ್ಯಂಪಿನ ಮೇಲೆ, ಎದೆಯೆತ್ತರದಲ್ಲಿ ಇಟ್ಟೆ. ಪ್ಯಾಕ್ ಅದನ್ನು ನೇರವಾಗಿ ನೋಡುವಂತಾಯಿತು, ಗೆರೆಗಳು ಪೂರ್ತಿ ನಿಂತವು. ಮಂಗಳೂರಿನ ಪುರಭವನದಂಥ ಒಳಾಂಗಣದಲ್ಲಿಯೂ ಮಲ್ಪೆಯ ಕಡಲತೀರದ ಬಯಲಿನಲ್ಲಿಯೂ ಇದೇ ಏರ್ಪಾಡು ನಡೆದಿದೆ.

ಬೆಲೆ ನನ್ನ ಮೊದಲ ಜೋಡಿಯ ಹಲವು ಪಟ್ಟು. ತಿಂಗಳಿಗೊಮ್ಮೆ ಇಗರ್ಜಿಯ ಗಾಯನ ಮಂಡಳಿಯಲ್ಲಿ ಕುಳಿತು ನುಡಿಸುವವರಿಗೆ ಇಷ್ಟು ಖರ್ಚು ಬೇಕೆಂದು ನಾನು ಹೇಳಲಾರೆ. ಅವರಿಗೆ ಒಳ್ಳೆಯ ಕೇಬಲೇ ಮೇಲು. ವಾರಕ್ಕೆರಡು ಕಾರ್ಯಕ್ರಮ ಇರುವವರು ಕೊಳ್ಳುವ ಮುನ್ನ ತಮ್ಮದೇ ಬೇಸನ್ನು ಅಂಗಡಿಗೆ ಒಯ್ದು, ವಾಲ್ಯೂಮ್ ಪೂರ್ತಿ ಏರಿಸಿ, ಬಲವಾಗಿ ಸ್ಲ್ಯಾಪ್ ಹೊಡೆದು ನೋಡಲಿ. ಆ್ಯಕ್ಟಿವ್ ಬೇಸಿನ ಹೊಡೆತ ತಾಳದೆ ಟಪ್ ಎಂದು ಒಡೆಯುವ ಸೆಟ್ಟು ಅಂಗಡಿಯಲ್ಲಿಯೇ ಸಿಕ್ಕಿಬೀಳುತ್ತದೆ. ನನ್ನ ಮೊದಲ ಜೋಡಿಯನ್ನು ಹಾಗೆ ಪರೀಕ್ಷಿಸಿದ್ದರೆ ಅಂದೇ ಗೊತ್ತಾಗುತ್ತಿತ್ತು.

ಚೀಲದಲ್ಲಿ ಒಂದು ಕೇಬಲ್ ಈಗಲೂ ಇದೆ, ಅದನ್ನು ತೆಗೆಯುವುದಿಲ್ಲ. ಪತ್ತನಾಜೆಗೆ ಭೂತಕೋಲ, ಯಕ್ಷಗಾನದ ಆಟ, ರಸಮಂಜರಿ ಎಲ್ಲ ನಿಂತ ಮೇಲೆ ಟ್ರಾನ್ಸ್‌ಮಿಟರ್, ರಿಸೀವರ್ ಎರಡರಿಂದಲೂ ಸೆಲ್ ತೆಗೆದು, ಸ್ಪರ್ಶದ ತಗಡುಗಳನ್ನು ಒಣಬಟ್ಟೆಯಲ್ಲಿ ಒರಸಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿಮುಚ್ಚಳದ ಡಬ್ಬಿಯಲ್ಲಿ ಇಟ್ಟಿದ್ದೇನೆ. ನಮ್ಮ ನಾಲ್ಕು ತಿಂಗಳ ಮಳೆಯಲ್ಲಿ ಒಳಗೇ ಬಿಟ್ಟ ಸೆಲ್ ಸೋರಿದರೆ ಮುಂದಿನ ದೀಪಾವಳಿಗೆ ಅದು ಆನ್ ಆಗುವುದಿಲ್ಲ.