ನೇತ್ರಾಣಿ, ಮಾಲ್ವಣ, ಗ್ರಾಂಡ್ ಐಲ್ಯಾಂಡ್: ಕನ್ನಡಕ ಹಾಕುವವನ ಲೆಕ್ಕಾಚಾರ

ಸ್ನಾರ್ಕೆಲಿಂಗ್, ಅಂದರೆ ಮಾಸ್ಕ್ ಹಾಕಿ ಕೊಳವೆಯಲ್ಲಿ ಉಸಿರಾಡುತ್ತಾ ನೀರಿನೊಳಗೆ ಮೀನು ನೋಡುವುದಕ್ಕೆ ಎಲ್ಲಿಗೆ ಹೋಗಬೇಕು? ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ನೇತ್ರಾಣಿ ದ್ವೀಪಕ್ಕೆ. ಮೂರರಲ್ಲಿ ದುಬಾರಿ ಅದೇ. ಹೊಟ್ಟೆ ತೊಳೆಸುವುದೂ ಅದೇ. ಕಾಲಿಡಲು ಒಂದು ಹಿಡಿ ಮರಳು ಇಲ್ಲದ್ದೂ ಅದೇ. ಆದರೂ ಮುಂದಿನ ಸೀಸನ್ನಿಗೆ ದುಡ್ಡು ಕೂಡಿಸುತ್ತಿರುವುದು ಅಲ್ಲಿಗೇ.

ದೀಪಾವಳಿ ಮುಗಿಯುತ್ತಿದ್ದಂತೆ ಆಫೀಸಿನಲ್ಲಿ ಯಾರಾದರೊಬ್ಬರು ಕೇಳುತ್ತಾರೆ: ‘ಸಣ್ಣ ಬೋಟು, ಸ್ವಲ್ಪ ಸ್ನಾರ್ಕೆಲಿಂಗ್, ಒಂದೆರಡು ಬೀಚು, ಎಲ್ಲಿಗೆ ಹೋಗೋಣ?’ ನಾವು ಹುಬ್ಬಳ್ಳಿಯವರು. ಬೆಳಗ್ಗೆ ಬೇಗ ಕಾರು ತೆಗೆದರೆ ಊಟದ ಹೊತ್ತಿಗೆ ಗೋವಾ ಸಿಗುತ್ತದೆ. ಮಹಾರಾಷ್ಟ್ರದ ಮಾಲ್ವಣ, ನೇತ್ರಾಣಿಗೆ ಬೋಟು ಹೊರಡುವ ಮುರ್ಡೇಶ್ವರಕ್ಕೆ ಇನ್ನೊಂದಿಷ್ಟು ಹೊತ್ತು. ಅಂಡಮಾನ್, ಲಕ್ಷದ್ವೀಪದ ನೀರಿನ ಮುಂದೆ ಇದೆಲ್ಲ ಏನೂ ಅಲ್ಲ ಅಂತ ಹೋಗಿ ಬಂದವರು ಹೇಳುತ್ತಾರೆ. ಇರಬಹುದು. ಮೂರು ಜನರ ವಿಮಾನದ ಚಾರ್ಜು ನೋಡಿದ ಮೇಲೆ ಆ ಮಾತು ನಮ್ಮ ಮನೆಯಲ್ಲಿ ಬಂದಿಲ್ಲ.

ಗೋವಾದಿಂದ ಶುರು ಮಾಡೋಣ, ಬೇಗ ಮುಗಿಯುತ್ತದೆ. ಗ್ರಾಂಡ್ ಐಲ್ಯಾಂಡ್ ಇರುವುದು ವಾಸ್ಕೋ ಕಡೆಯ ಸಮುದ್ರದಲ್ಲಿ. ಆದರೆ ಹೆಚ್ಚಿನ ಬೋಟುಗಳು ಹೊರಡುವುದು ಉತ್ತರ ಗೋವಾದಿಂದ. ಮಾಂಡೋವಿ ನದಿಯ ಬಾಯಿ, ಅಗ್ವಾಡ ಕೋಟೆ, ಅದೃಷ್ಟವಿದ್ದರೆ ಡಾಲ್ಫಿನ್, ಮುರ್ಮುಗಾಂವ್ ಬಂದರಿನ ಮುಂದೆ ಲಂಗರು ಹಾಕಿದ ದೊಡ್ಡ ಹಡಗುಗಳು. ಅಲ್ಲಿವರೆಗೆ ಚೆನ್ನಾಗಿಯೇ ಇತ್ತು. ‘ಸ್ಮಾಲ್ ಗ್ರೂಪ್ ಸರ್, ಹತ್ತು ಹನ್ನೆರಡು ಜನ’ ಅಂತ ಬೀಚಿನಲ್ಲಿ ಟಿಕೆಟ್ ಕೊಟ್ಟವನು ಹೇಳಿದ್ದ. ಜೆಟ್ಟಿಗೆ ಹೋದರೆ ಬೋಟು ಇನ್ನೊಬ್ಬರದ್ದು. ನಾಲ್ಕೈದು ಏಜೆಂಟರ ಗಿರಾಕಿಗಳನ್ನೆಲ್ಲ ಒಂದೇ ಬೋಟಿಗೆ ತುಂಬಿದ್ದರು. ಮೂವತ್ತಕ್ಕೆ ಕಡಿಮೆ ಇರಲಿಲ್ಲ. ಟಿಕೆಟ್ ಮಾರುವವನಿಗೂ ಬೋಟು ಓಡಿಸುವವನಿಗೂ ಸಂಬಂಧ ಇಲ್ಲದ ಕಡೆ ‘ಸಣ್ಣ ಗುಂಪು’ ಅನ್ನುವುದು ಬರೀ ಬಾಯಿಮಾತು.

ನೀರು ಹೆಸರುಕಾಳು ತೊಳೆದ ನೀರಿನ ಹಾಗಿತ್ತು. ಅದಕ್ಕೆ ಬೋಟಿನವರನ್ನು ಬೈದು ಪ್ರಯೋಜನ ಇಲ್ಲ. ಮಾಂಡೋವಿ, ಜುವಾರಿ ಎರಡೂ ಅಲ್ಲೇ ಹತ್ತಿರದಲ್ಲಿ ಸಮುದ್ರ ಸೇರುತ್ತವೆ, ಹೂಳು ತಂದು ಸುರಿಯುತ್ತವೆ. ಚಾಚಿದ ನನ್ನ ಕೈಯ ಬೆರಳು ನನಗೇ ಸರಿಯಾಗಿ ಕಾಣಲಿಲ್ಲ. ಆಮೇಲೆ ಬೀಚಿನಲ್ಲಿ ಬಾರ್ಬೆಕ್ಯೂ, ಬಿಯರು, ಗಾಳ ಹಾಕಿ ಮೀನು ಹಿಡಿಯುವುದು, ಜೋರು ಹಾಡು. ಗೆಳೆಯರ ಜೊತೆಗಾದರೆ ಸುಮ್ನೆ ಒಂದು ದಿನ ಮಜಾ ಮಾಡಲು ಅಡ್ಡಿಯಿಲ್ಲ. ತಲೆಗೆ ₹1,500 ಸುತ್ತಮುತ್ತ ಕೊಟ್ಟ ನೆನಪು. ಅಷ್ಟಕ್ಕೆ ಊಟವೂ ಸೇರಿ ಜಾಸ್ತಿಯೇನಲ್ಲ. ಮೀನು ನೋಡಬೇಕು ಅಂತ ಹೋದವನಿಗೆ ಮಾತ್ರ ಅದು ದಂಡ.

ಇನ್ನು ಮಾಲ್ವಣ. ನನ್ನ ಹೆಂಡತಿಯನ್ನು ಕೇಳಿದರೆ ಈ ಹೋಲಿಕೆ ಇಲ್ಲಿಗೇ ಮುಗಿಯುತ್ತದೆ, ಅವಳದ್ದು ಮಾಲ್ವಣವೇ. ಬೋಟು ನಿಜವಾಗಿಯೂ ಸಣ್ಣದು. ನಾವು ಮೂವರು, ಕೊಲ್ಹಾಪುರದ ಒಂದು ಕುಟುಂಬ, ಬೋಟಿನ ಕಾಕಾ, ಅವರ ಮಗ, ಅಷ್ಟೇ. ಸಿಂಧುದುರ್ಗ ಕೋಟೆಯ ಹತ್ತಿರದ ಬಂಡೆಗಳ ನಡುವೆ ನೀರಿಗೆ ಇಳಿಸಿದರು. ಶಿವಾಜಿ 1664ರಲ್ಲಿ ಕಟ್ಟಲು ಶುರು ಮಾಡಿಸಿದ ಕೋಟೆ. ನೀರಿನಲ್ಲಿ ತೇಲುತ್ತಾ ತಲೆ ಎತ್ತಿದರೆ ಎದುರಿಗೆ ಆ ಗೋಡೆ. ಇದು ಬೇರೆಲ್ಲೂ ಸಿಗುವುದಿಲ್ಲ.

ತಕರಾರು ಏನೆಂದರೆ, ಅಲ್ಲಿ ಈಜಲು ಬಿಡುವುದಿಲ್ಲ. ಒಂದು ರಿಂಗ್ ಕೊಡುತ್ತಾರೆ. ಅದನ್ನು ಎರಡೂ ಕೈಯಲ್ಲಿ ಹಿಡಿದು ಮುಖ ಮುಳುಗಿಸಬೇಕು. ಹುಡುಗ ಪಕ್ಕದಲ್ಲಿ ಬ್ರೆಡ್ಡು ಪುಡಿ ಮಾಡಿ ಬಿಡುತ್ತಾನೆ. ಹಳದಿ ಮೈಗೆ ಕಪ್ಪು ಪಟ್ಟಿ ಇರುವ ಸಣ್ಣ ಮೀನುಗಳು ನೂರಾರು ಮುತ್ತಿಕೊಳ್ಳುತ್ತವೆ. ಕ್ಯಾಮೆರಾದವನು ವಿಡಿಯೋ ತೆಗೆಯುತ್ತಾನೆ, ಹತ್ತು ಹದಿನೈದು ನಿಮಿಷಕ್ಕೆ ‘ಚಲಾ, ಪುಢೇ’, ನಡೀರಿ ಮುಂದೆ ಅಂತ. ಈಜು ಬಾರದವರಿಗೆ ಅದು ಭದ್ರ, ಒಪ್ಪುತ್ತೇನೆ. ಆದರೆ ಕಾಣುವುದು ಬ್ರೆಡ್ಡಿಗೆ ಬಂದ ಮೀನು ಮಾತ್ರ. ಬಂಡೆಯ ಸಂದಿಯಲ್ಲಿ ಯಾರಿದ್ದಾರೆ ಅಂತ ಇಣುಕುವ ಹಾಗಿಲ್ಲ. 1987ರಲ್ಲೇ ಮಾಲ್ವಣದ ಸಮುದ್ರವನ್ನು ಅಭಯಾರಣ್ಯ ಅಂತ ಘೋಷಿಸಿದ್ದಾರೆ. ಅಂಥ ಕಡೆ ಮೀನಿಗೆ ಬೇಕರಿ ಬ್ರೆಡ್ಡು ಹಾಕುವುದು ನನಗೆ ಸರಿ ಕಾಣಲಿಲ್ಲ.

ಬೀಚಿನ ವಿಷಯಕ್ಕೆ ಬಂದರೆ ಮಾಲ್ವಣಕ್ಕೆ ಎದುರಿಲ್ಲ. ದೇವಬಾಗ್ ಹತ್ತಿರ ಕರ್ಲಿ ನದಿ ಸಮುದ್ರ ಸೇರುವಲ್ಲಿ ಮರಳಿನ ದಿಬ್ಬ ಇದೆ. ‘ಸುನಾಮಿ ಐಲ್ಯಾಂಡ್’ ಅನ್ನುತ್ತಾರೆ, 2004ರ ಸುನಾಮಿ ಆದ ಮೇಲೆ ಎದ್ದಿದ್ದು ಅಂತ ಅಲ್ಲಿನವರ ಮಾತು. ಒಂದು ಕಡೆ ನದಿ, ಇನ್ನೊಂದು ಕಡೆ ಸಮುದ್ರ, ಮಗಳು ಮೊಣಕಾಲುದ್ದ ನೀರಿನಲ್ಲಿ ಓಡಾಡಿದ್ದೇ ಓಡಾಡಿದ್ದು. ಮಧ್ಯಾಹ್ನ ಸುರಮಯಿ ಮೀನಿನ ಥಾಳಿ, ಮೇಲೆ ಕೋಕಂ, ತೆಂಗಿನ ಹಾಲಿನ ಸೋಲ್ ಕಢಿ. ಊಟಕ್ಕೆ ಬೇರೆ ಮಾರ್ಕ್ಸ್ ಕೊಡುವ ಹಾಗಿದ್ದರೆ ನಾನೂ ಸೋಲುತ್ತಿದ್ದೆ.

ಈಗ ನನ್ನ ನಿಜವಾದ ತಲೆನೋವಿಗೆ ಬರುತ್ತೇನೆ. ಮಾಸ್ಕ್.

ನನಗೆ ಎರಡೂ ಕಣ್ಣಿಗೆ ಮೈನಸ್ 4.5. ಮೇಲಾಗಿ ಮೀಸೆ ಬೇರೆ. ಸ್ನಾರ್ಕೆಲಿಂಗಿಗೆ ಇವೆರಡೂ ಶತ್ರು ಅಂತ ಯಾವ ಪ್ಯಾಕೇಜಿನವರೂ ಹೇಳುವುದಿಲ್ಲ. ಮಾಸ್ಕಿನ ಸುತ್ತ ಮೆತ್ತಗಿನ ಸಿಲಿಕಾನ್ ಅಂಚು ಇರುತ್ತದಲ್ಲ, ಅದು ಚರ್ಮಕ್ಕೆ ಪೂರ್ತಿ ಅಂಟಿದರೆ ಮಾತ್ರ ನೀರು ಒಳಗೆ ಬರುವುದಿಲ್ಲ. ಒಳಗೆ ಕನ್ನಡಕ ಹಾಕಿಕೊಂಡರೆ ಅದರ ಕಡ್ಡಿ ಕಿವಿಯ ಕಡೆ ಅಂಚನ್ನು ಎತ್ತುತ್ತದೆ, ಆ ಸಂದಿಯಿಂದ ನೀರು. ಕನ್ನಡಕ ತೆಗೆದಿಟ್ಟರೆ ಮೀನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನೀರಿನೊಳಗೆ ಮಾಸ್ಕಿನ ಗಾಜಿನ ಮೂಲಕ ನೋಡಿದಾಗ ಎಲ್ಲವೂ ಮೂರನೇ ಒಂದರಷ್ಟು ದೊಡ್ಡದಾಗಿ, ಕಾಲು ಭಾಗ ಹತ್ತಿರದಲ್ಲಿ ಕಾಣುತ್ತದೆ. ಮೈನಸ್ ಒಂದು, ಒಂದೂವರೆ ಇದ್ದವರು ಅಷ್ಟರಲ್ಲೇ ಸುಧಾರಿಸಿಕೊಳ್ಳುತ್ತಾರೆ. ನನಗೆ ಅದು ಸಾಲದು. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಸಮುದ್ರಕ್ಕೆ ಇಳಿಯಬೇಡಿ, ಕಣ್ಣಿಗೆ ಸೋಂಕು ಆಗಬಹುದು ಅಂತ ನಮ್ಮ ಕಣ್ಣಿನ ಡಾಕ್ಟರು ಹೇಳಿದ್ದರು, ಹಾಗಾಗಿ ಆ ದಾರಿಯೂ ಬಂದ್.

ಮೀಸೆಯದ್ದು ಇನ್ನೊಂದು ಕಥೆ. ಮಾಸ್ಕಿನ ಕೆಳಗಿನ ಅಂಚು ಕೂರುವುದು ಮೂಗಿನ ಕೆಳಗೆ, ಅಂದರೆ ನೇರ ಮೀಸೆಯ ಮೇಲೆ. ಕೂದಲಿನ ನಡುವೆ ನೀರು ಜಿನುಗಿ ಒಳಗೆ ಬರುತ್ತದೆ. ಮೊದಲು ಮೂಗಿನ ಹತ್ತಿರ ನಿಲ್ಲುತ್ತದೆ, ಆಮೇಲೆ ಮೂಗಿಗೇ ಬರುತ್ತದೆ. ಪಟ್ಟಿ ಬಿಗಿ ಮಾಡಿದರೆ ನಿಲ್ಲುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಉಲ್ಟಾ. ಜಾಸ್ತಿ ಎಳೆದರೆ ಅಂಚು ಮಡಚಿಕೊಂಡು ಇನ್ನಷ್ಟು ಸೋರುತ್ತದೆ, ಸಾಲದ್ದಕ್ಕೆ ತಲೆನೋವು.

ಗೋವಾದ ಬೋಟಿನಲ್ಲಿ ಒಂದು ಬಕೆಟ್ ತುಂಬ ಮಾಸ್ಕ್. ಒಬ್ಬರು ಮೇಲೆ ಬಂದು ಕಿತ್ತು ಹಾಕಿದ್ದನ್ನು ಇನ್ನೊಬ್ಬರು ಹಾಕಿಕೊಂಡು ಇಳಿಯುವುದು. ಸೈಜು ಕೇಳಿದರೆ ‘ಎಲ್ಲಾ ಒಂದೇ ಸರ್’. ಅಂಚು ಗಟ್ಟಿಯಾಗಿ ಹೋಗಿತ್ತು, ಒಂದರ ಪಟ್ಟಿ ಕಿತ್ತು ದಾರ ಕಟ್ಟಿದ್ದರು. ನನ್ನ ಸರದಿಯ ಹತ್ತು ನಿಮಿಷದಲ್ಲಿ ಅರ್ಧ ಹೊತ್ತು ಮಾಸ್ಕಿನ ನೀರು ಚೆಲ್ಲುವುದರಲ್ಲೇ ಹೋಯಿತು. ಮಾಲ್ವಣದಲ್ಲಿ ಮಾಸ್ಕ್ ಹೊಸದು, ಮೆತ್ತಗೆ ಇತ್ತು. ಮೀಸೆಗೆ ಅಂತ ಕಾಕಾ ವ್ಯಾಸಲೀನ್ ಡಬ್ಬಿಯನ್ನೂ ಕೊಟ್ಟರು. ಸೋರುವುದು ಕಡಿಮೆ ಆಯಿತು. ಆದರೆ ಪವರ್ ಇರುವ ಮಾಸ್ಕ್ ಅಂದರೆ ಏನು ಅಂತಲೇ ಅಲ್ಲಿ ಗೊತ್ತಿರಲಿಲ್ಲ. ನೂರಾರು ಹಳದಿ ಚುಕ್ಕಿ ನೋಡಿ ಬಂದೆ. ಅವು ಪಟ್ಟಿ ಇರುವ ಮೀನು ಅಂತ ಗೊತ್ತಾಗಿದ್ದು ಆಮೇಲೆ ವಿಡಿಯೋದಲ್ಲಿ.

ಮುರ್ಡೇಶ್ವರದಲ್ಲಿ ಬೋಟು ನಡೆಸುವವರು ಡೈವಿಂಗ್ ಕಲಿಸುವವರು, ವ್ಯತ್ಯಾಸ ಅಲ್ಲೇ. ಹಿಂದಿನ ಸಂಜೆ ಅಂಗಡಿಗೆ ಬನ್ನಿ ಅಂದರು. ಹೋದರೆ ಗೋಡೆಗೆ ಸಾಲಾಗಿ ಮಾಸ್ಕ್ ತೂಗುಹಾಕಿದ್ದರು. ಅಲ್ಲಿದ್ದ ಹುಡುಗ ‘ನಂಬರ್ ಎಷ್ಟು ಅಣ್ಣ?’ ಅಂತ ಕೇಳಿದ. ನನಗೆ ಒಂದು ಕ್ಷಣ ಫೋನ್ ನಂಬರ್ ಕೇಳಿದ ಹಾಗಾಯಿತು. ಎರಡು ಕಣ್ಣಿಗೂ ಬೇರೆ ಬೇರೆ ಗಾಜು ಇರುವ ಮಾಸ್ಕಿನಲ್ಲಿ ಮೈನಸ್ 4ರದ್ದು ಇತ್ತು. ನೀರಿನಲ್ಲಿ ಅಷ್ಟು ಸಾಕು ಅಂದ, ಸಾಕಾಯಿತು. ಅವನೇ ತೋರಿಸಿದ ಪರೀಕ್ಷೆ: ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ ಮೂಗಿನಿಂದ ಉಸಿರು ಎಳೆದುಕೊಳ್ಳುವುದು. ಕೈ ಬಿಟ್ಟರೂ ಬೀಳದಿದ್ದರೆ ಅದು ನಿಮ್ಮ ಮುಖದ್ದು. ನಂದು ಬಿತ್ತು. ‘ಮೂಗಿನ ಕೆಳಗೆ ಒಂದು ಗೆರೆಯಷ್ಟು ಬೋಳಿಸಿ ಅಣ್ಣ, ಪೂರ್ತಿ ತೆಗೆಯುವುದು ಬೇಡ. ವ್ಯಾಸಲೀನ್ ಹಚ್ಚಬೇಡಿ, ಸಿಲಿಕಾನ್ ಹಾಳಾಗುತ್ತದೆ’ ಅಂದ. ಲಾಡ್ಜಿಗೆ ಹೋಗಿ ರೇಜರಿನಿಂದ ಒಂದು ಸಣ್ಣ ಪಟ್ಟಿ ತೆಗೆದೆ. ಮಗಳು ನಕ್ಕಿದ್ದು ಬಿಟ್ಟರೆ ಯಾರಿಗೂ ಗೊತ್ತಾಗಲಿಲ್ಲ. ಮಾರನೇ ದಿನ ಒಂದು ಹನಿ ಒಳಗೆ ಬರಲಿಲ್ಲ.

ಗಾಜು ಮಂಜಾಗುವುದಕ್ಕೆ ಉಗುಳು ಹಚ್ಚಿ ತೊಳೆಯುವುದು ಹಳೇ ಮದ್ದು. ಅಸಹ್ಯ ಅನ್ನಿಸಿದರೆ ಮಕ್ಕಳ ಶಾಂಪೂ ಒಂದು ತೊಟ್ಟು. ಈಗ ನಾನು ಸ್ವಂತ ಮಾಸ್ಕ್ ತೆಗೆದುಕೊಂಡಿದ್ದೇನೆ, ಗಾಜು ಬದಲಿಸುವಂಥದ್ದು. ಹೊಸ ಮಾಸ್ಕಿನ ಗಾಜಿಗೆ ಕಾರ್ಖಾನೆಯ ಸಿಲಿಕಾನ್ ಪೊರೆ ಅಂಟಿರುತ್ತದೆ, ಅದಕ್ಕೆ ಉಗುಳು ಕೆಲಸ ಮಾಡುವುದಿಲ್ಲ. ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಲ್ಲಿ ಚೆನ್ನಾಗಿ ತಿಕ್ಕಿ ತೊಳೆಯಬೇಕು.

ನೇತ್ರಾಣಿ ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ಸಮುದ್ರದೊಳಗೆ. ಬೋಟಿನಲ್ಲಿ ಒಂದು, ಒಂದೂವರೆ ತಾಸು. ಹಿಂತಿರುಗಿ ನೋಡಿದರೆ ಶಿವನ ಮೂರ್ತಿ, ಗೋಪುರ ಎರಡೂ ಕಿರಿದಾಗುತ್ತಾ ಹೋಗುತ್ತವೆ. ದ್ವೀಪಕ್ಕೆ ಇಳಿಯಲು ಬಿಡುವುದಿಲ್ಲ. ನೌಕಾಪಡೆಯವರು ಗುಂಡು ಹಾರಿಸುವ ಅಭ್ಯಾಸಕ್ಕೆ ಬಳಸಿದ ಜಾಗ ಅದು. ಇಳಿಯಲು ಬಿಟ್ಟರೂ ಎಲ್ಲಿ ಇಳಿಯುತ್ತೀರಿ? ಸುತ್ತ ಕಡಿದಾದ ಬಂಡೆ, ಬೀಚು ಇಲ್ಲವೇ ಇಲ್ಲ. ಬೋಟು ಬಂಡೆಯ ಮರೆಗೆ ಲಂಗರು ಹಾಕುತ್ತದೆ, ಅಲ್ಲಿಂದಲೇ ನೀರಿಗೆ.

ಹತ್ತಿರದಲ್ಲಿ ಯಾವ ದೊಡ್ಡ ನದಿಯ ಬಾಯಿಯೂ ಇಲ್ಲ. ಶರಾವತಿ ಸಮುದ್ರ ಸೇರುವುದು ದೂರದ ಹೊನ್ನಾವರದಲ್ಲಿ. ಹಾಗಾಗಿ ನೀರು ತಿಳಿ. ಕೆಳಗಿನ ಬಂಡೆ, ಅದರ ಮೇಲಿನ ಮೃದು ಹವಳ, ಸಂದಿಯಿಂದ ಮೀಸೆ ಆಡಿಸುವ ಸಿಗಡಿ, ಎಲ್ಲ ಕಂಡವು. ಅವನ ಮೀಸೆಗೆ ಯಾವ ತೊಂದರೆಯೂ ಇಲ್ಲ ನೋಡಿ. ಗಿಳಿಮೀನು ಅಂತ ಒಂದಿದೆ, ನೀಲಿ ಹಸಿರು ಬಣ್ಣದ್ದು, ಮುಂದಿನ ಹಲ್ಲುಗಳು ಕೂಡಿ ಗಿಳಿಯ ಕೊಕ್ಕಿನಂತೆ ಆಗಿರುತ್ತವೆ. ಅದು ಬಂಡೆಯನ್ನು ಕೆರೆದು ಪಾಚಿ ತಿನ್ನುವ ಸದ್ದು ನೀರಿನಲ್ಲಿ ಕೇಳಿಸುತ್ತದೆ. ಕರಕ್, ಕರಕ್. ಎಲ್ಲಿಂದ ಬರುತ್ತಿದೆ ಅಂತ ಮೊದಲು ಗೊತ್ತಾಗಲಿಲ್ಲ. ಕೆಳಗೆ ನೋಡಿದರೆ ಒಂದು ಕಚ್ಚುವುದು, ಸ್ವಲ್ಪ ಹಿಂದೆ ಸರಿಯುವುದು, ಬಾಯಿಂದ ಪುಡಿ ಉದುರಿಸುವುದು, ಮತ್ತೆ ಕಚ್ಚುವುದು. ಬ್ರೆಡ್ಡು ಯಾರೂ ಹಾಕಿರಲಿಲ್ಲ. ಅದು ಅದರ ಪಾಡಿಗೆ ಊಟ ಮಾಡುತ್ತಿತ್ತು. ಮುಕ್ಕಾಲು ತಾಸು ನೀರಿನಲ್ಲೇ ಇದ್ದೆ, ‘ಸಾಕು ಬನ್ನಿ’ ಅಂತ ಯಾರೂ ಕರೆಯಲಿಲ್ಲ. ಈಜು ಬಾರದ ಹೆಂಡತಿಯ ಜೊತೆಗೆ ಒಬ್ಬ ಹುಡುಗ ಲೈಫ್ ಜಾಕೆಟ್ ಹಿಡಿದುಕೊಂಡೇ ಇದ್ದ.

ವಾಂತಿ ಬಗ್ಗೆ ಒಂದೇ ಮಾತು: ಬೋಟು ಓಡುವಾಗ ಅಲ್ಲ, ನಿಂತಾಗ ಬರುತ್ತದೆ. ಹೊರಡುವ ಮೊದಲೇ ವಾಂತಿ ತಡೆಯುವ ಅವೊಮಿನ್ ಮಾತ್ರೆ ತೆಗೆದುಕೊಳ್ಳಿ, ಲಂಗರು ಹಾಕಿದ ತಕ್ಷಣ ನೀರಿಗೆ ಇಳಿಯಿರಿ.

ಟಾಯ್ಲೆಟ್ಟು ನಾವು ಹೋದ ಯಾವ ಬೋಟಿನಲ್ಲೂ ಇರಲಿಲ್ಲ.

ದುಡ್ಡು ನೇತ್ರಾಣಿಗೆ ಗೋವಾದ ಹತ್ತಿರ ಹತ್ತಿರ ಎರಡರಷ್ಟು ಆಯಿತು. ಬೀಚು, ಊಟ ಅದರಲ್ಲಿ ಸೇರಿಲ್ಲ. ನನಗೆ ಅದೇ ಇಷ್ಟ. ಮೂರು ಬೀಚು, ಡಾಲ್ಫಿನ್, ಊಟ, ಸ್ನಾರ್ಕೆಲಿಂಗ್ ಎಲ್ಲ ಒಂದೇ ಟಿಕೆಟ್ಟಿನಲ್ಲಿ ತುರುಕಿದಾಗ ಮೊದಲು ಕತ್ತರಿ ಬೀಳುವುದು ನೀರಿನೊಳಗಿನ ಹೊತ್ತಿಗೆ. ನಾವು ಬೆಳಗ್ಗೆ ನೇತ್ರಾಣಿ ಮುಗಿಸಿ, ಭಟ್ಕಳದಲ್ಲಿ ಬಿರಿಯಾನಿ ತಿಂದು, ಮರುದಿನ ಹೊನ್ನಾವರದ ಕಾಸರಕೋಡು ಬೀಚಿಗೆ ಹೋದೆವು. 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕ ಬೀಚು, ಕ್ಲೀನಾಗಿದೆ, ಬಟ್ಟೆ ಬದಲಿಸಲು ಜಾಗ ಇದೆ. ಬೋಟಿನಲ್ಲೇ ಬೀಚು ಸುತ್ತುವ ಆಸೆ ಇದ್ದರೆ ಗೋಕರ್ಣದ ಓಂ ಬೀಚಿನಿಂದ ಹಾಫ್ ಮೂನ್, ಪ್ಯಾರಡೈಸ್‌ಗೆ ದೋಣಿ ಸಿಗುತ್ತದೆ.

ಮಕ್ಕಳು ತೀರಾ ಸಣ್ಣವರಿದ್ದರೆ, ಮನೆಯಲ್ಲಿ ಯಾರಿಗೂ ಈಜು ಬರದಿದ್ದರೆ, ಅಥವಾ ಮೀನು ನೋಡುವುದಕ್ಕಿಂತ ತಿನ್ನುವುದೇ ಮುಖ್ಯ ಅಂದರೆ ಕಣ್ಣು ಮುಚ್ಚಿ ಮಾಲ್ವಣಕ್ಕೆ ಹೋಗಿ. ಗ್ಯಾಂಗ್ ಇದ್ದರೆ ಗೋವಾ. ನನ್ನ ಹಾಗೆ ನೀರಿಗೆ ಇಳಿದರೆ ಮೇಲೆ ಬರಲು ಮನಸ್ಸಿಲ್ಲದವರು, ವರ್ಷಕ್ಕೊಂದೇ ಟ್ರಿಪ್ ಮಾಡುವವರು, ನೇತ್ರಾಣಿಗೆ ದುಡ್ಡು ಹಾಕಬಹುದು. ಸೀಸನ್ ಅಕ್ಟೋಬರಿನಿಂದ ಮೇವರೆಗೆ. ಮಧ್ಯಾಹ್ನದ ಮೇಲೆ ಗಾಳಿ ಎದ್ದು ಬೋಟು ಕುಣಿಯುತ್ತದೆ, ಬೆಳಗಿನ ಮೊದಲ ಬೋಟೇ ಕೇಳಿ. ಬುಕ್ ಮಾಡುವ ಮೊದಲು ಎರಡು ಪ್ರಶ್ನೆ: ಬೋಟು ನಿಮ್ಮದೇನಾ, ನನ್ನ ನಂಬರಿನ ಮಾಸ್ಕ್ ಇದೆಯಾ. ಎರಡನೆಯದಕ್ಕೆ ‘ಯಾವ ನಂಬರ್?’ ಅಂತ ಕೇಳಿದರೆ ಬೇರೆಯವರಿಗೆ ಫೋನ್ ಮಾಡಿ.