ಹಳೇ ಕಾರಿಗೆ ಅಗ್ಗದ ಓಬಿಡಿ ಸ್ಕ್ಯಾನರ್: ಮಡಿಕೇರಿ ಮಳೆಗಾಲದಲ್ಲಿ ಬಳಸಿದ ಅನುಭವ

ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುವುದು, ಆದ ಮೇಲೂ ಗಡಗಡ ನಡುಗುವುದು, ಹಿಂದೆ ಹೋಗಿ ನಿಂತರೆ ಪೆಟ್ರೋಲ್ ವಾಸನೆ. ಇಂಥ ಕಾರು ನಿಮ್ಮ ಶೆಡ್ಡಿನಲ್ಲೂ ಇದ್ದರೆ ಇದನ್ನು ಓದಿ. ನಾನು ಬರೆಯುತ್ತಿರುವುದು ಅಂಗೈಯಲ್ಲಿ ಹಿಡಿಸುವ ಬ್ಲೂಟೂತ್ ಓಬಿಡಿ ಸ್ಕ್ಯಾನರ್ ಬಗ್ಗೆ, ಅಂದರೆ ಎಂಜಿನ್ ನೋಡಿಕೊಳ್ಳುವ ಕಂಪ್ಯೂಟರಿನಲ್ಲಿ ಇರುವುದನ್ನು ಓದಿ ಫೋನಿಗೆ ಕಳಿಸುವ ಸಾಧನ. ಮೇಲೆ ಇಎಲ್‌ಎಂ 327 ಎಂದು ಅಚ್ಚಾಗಿದೆ. ಅದು ಕೆನಡಾದ ಕಂಪನಿಯೊಂದು ಮಾಡಿದ ಚಿಪ್ಪಿನ ಹೆಸರು. ಸಾವಿರ ರೂಪಾಯಿಯೊಳಗೆ ಸಿಗುವುದೆಲ್ಲ ಹೆಚ್ಚುಕಮ್ಮಿ ಅದರ ನಕಲು. ನನ್ನ ಬಜೆಟ್ ಅಷ್ಟೇ ಇತ್ತು.

ಕಾರು 2013ರದ್ದು, ಪೆಟ್ರೋಲ್, ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಮನೆ ಗಾಳಿಬೀಡು ಕಡೆ. ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಬೆಲ್ಟು, ಚಪ್ಪಲಿಗೆಲ್ಲ ಬೂಷ್ಟು ಬರುವ ಊರು. ಕಾಯಿಲೆ ಶುರುವಾದದ್ದೂ ಮಳೆಗಾಲದಲ್ಲೇ. ಗ್ಯಾರೇಜಿನಲ್ಲಿ ಪ್ಲಗ್ ಬದಲಾಯಿಸಿದರು. ತೆಗೆದ ಪ್ಲಗ್‌ಗಳು ಮಸಿ ಹಿಡಿದು ಕರ್ರಗಿದ್ದವು. ಥ್ರಾಟಲ್ ಬಾಡಿ ತೊಳೆದರು. ಬ್ಯಾಟರಿ ಹೋಗಿದೆ ಎಂದರು, ಹೊಸದು ಹಾಕಿಸಿದೆ. ನಾಲ್ಕು ದಿನ ಪರವಾಗಿಲ್ಲ, ಆಮೇಲೆ ಮತ್ತೆ ಅದೇ ಕಥೆ. ಮುಂದಿನ ಸರದಿ ಫ್ಯೂಯಲ್ ಪಂಪಿನದು ಅಂದಾಗ ಸ್ಕ್ಯಾನರ್ ತರಿಸಿದೆ.

ಮೊದಮೊದಲು ಇದರ ಮೇಲೆ ನನಗೆ ಸಿಟ್ಟೇ ಬಂದಿತ್ತು. ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಚುಚ್ಚಿ, ಫೋನಿಗೆ ಜೋಡಿಸಿ, ಸ್ಕ್ಯಾನ್ ಒತ್ತಿದರೆ 'ಯಾವ ದೋಷವೂ ಇಲ್ಲ' ಎಂಬ ಉತ್ತರ. ಎದುರಿಗೆ ಎಂಜಿನ್ ನಡುಗುತ್ತಿದೆ! ವಾಪಸ್ ಕಳಿಸೋಣ ಅಂತ ಡಬ್ಬಿಯನ್ನೂ ತೆಗೆದಿಟ್ಟಿದ್ದೆ.

ಅಭಿಪ್ರಾಯ ಬದಲಾದದ್ದು ಲೈವ್ ಡೇಟಾ, ಅಂದರೆ ಸೆನ್ಸರ್‌ಗಳು ಆ ಕ್ಷಣಕ್ಕೆ ಹೇಳುವ ಸಂಖ್ಯೆಗಳನ್ನು ತೆರೆದ ಮೇಲೆ. ರಾತ್ರಿಯಿಡೀ ನಿಂತ ಕಾರಿನಲ್ಲಿ ಎಂಜಿನ್ನಿನ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಮತ್ತು ಒಳಗೆ ಹೋಗುವ ಗಾಳಿ, ಎರಡರ ಬಿಸಿಯೂ ಹೆಚ್ಚುಕಮ್ಮಿ ಒಂದೇ ಇರಬೇಕು ಅಲ್ವಾ? ನನ್ನ ಕಾರಿನಲ್ಲಿ ಗಾಳಿ 18 ಡಿಗ್ರಿ, ಕೂಲೆಂಟ್ 10. ಮಡಿಕೇರಿ ಪೇಟೆಗೆ ಹೋಗಿ ಬಂದ ಮೇಲೆ, ಬಾನೆಟ್ ಮುಟ್ಟಿದರೆ ಕೈ ಸುಡುವಾಗಲೂ ಕೂಲೆಂಟ್ 37! ಡ್ಯಾಶ್‌ಬೋರ್ಡಿನ ಮುಳ್ಳು ಮಾತ್ರ ಸರಿಯಾಗಿ ನಡುವಿನಲ್ಲೇ ಇತ್ತು. ಈ ಕಾರಿನಲ್ಲಿ ಮುಳ್ಳಿಗೆ ಬೇರೆ ಸೆನ್ಸರ್, ಕಂಪ್ಯೂಟರಿಗೆ ಬೇರೆ. ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ. ಕೂಲೆಂಟ್ ಹರಿವನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಕೆಟ್ಟಿದ್ದರೂ ಓಡುವಾಗ ಬಿಸಿ ಕಮ್ಮಿ ತೋರಿಸಬಹುದು. ಆದರೆ ಬೆಳಗಿನ ಈ ಎಂಟು ಡಿಗ್ರಿ ವ್ಯತ್ಯಾಸಕ್ಕೆ ಅದು ಕಾರಣವಾಗಲಾರದು.

ಕಂಪ್ಯೂಟರಿಗೆ ಕೂಲೆಂಟ್ ಬಿಸಿ ಹೇಳುವ ಆ ಸೆನ್ಸರ್ ತಣ್ಣಗಿದ್ದಾಗ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ಅಡ್ಡಿ) ಜಾಸ್ತಿ, ಬಿಸಿಯಾದಂತೆ ಕಮ್ಮಿ. ವೈರಿನ ದಾರಿಯಲ್ಲಿ ಎಲ್ಲಾದರೂ ಕಿಲುಬು ಕಟ್ಟಿದರೆ ಅದರ ರೆಸಿಸ್ಟೆನ್ಸೂ ಸೇರಿಕೊಳ್ಳುತ್ತದೆ. ಆಗ ಕಂಪ್ಯೂಟರಿಗೆ ಎಂಜಿನ್ ಇನ್ನೂ ತಣ್ಣಗಿದೆ ಅನ್ನಿಸುತ್ತದೆ. ಅದು ಪೆಟ್ರೋಲ್ ಜಾಸ್ತಿ ಸುರಿಯುತ್ತದೆ. ಪ್ಲಗ್ ಒದ್ದೆ, ಮಸಿ, ನಡುಕ, ಮೈಲೇಜ್ ಇಳಿತ, ಎಲ್ಲವೂ ಒಂದೇ ಕಡೆಯಿಂದ. ವೈರ್ ಪೂರ್ತಿ ಕಡಿದಿದ್ದರೆ ಮೈನಸ್ 40 ತೋರಿಸಿ ದೋಷದ ಕೋಡ್ ಬಂದಿರುತ್ತಿತ್ತು. 10 ಡಿಗ್ರಿ ಎಂದರೆ ನಂಬಬಹುದಾದ ಸಂಖ್ಯೆ, ಕಂಪ್ಯೂಟರ್ ನಂಬಿಬಿಟ್ಟಿತು.

ಫೋನ್ ತೋರಿಸಿದಾಗ ಮೆಕ್ಯಾನಿಕ್ ಸ್ವಲ್ಪ ಹೊತ್ತು ನೋಡಿ, "ಕಪ್ಲರ್ ಬಿಚ್ಚಿ ನೋಡುವ ಸಾರ್" ಎಂದರು. ಥರ್ಮೋಸ್ಟಾಟ್ ಪಕ್ಕದಲ್ಲಿ ಆ ಸೆನ್ಸರಿಗೆ ವೈರ್ ಸೇರಿಸುವ ಕಪ್ಲರ್ ಎಳೆದರೆ ಒಳಗಿನ ಪಿನ್ನುಗಳ ಮೇಲೆ ಹಸಿರು ಕಿಲುಬು, ರಬ್ಬರ್ ಸೀಲ್ ಹರಿದಿದೆ. ಕ್ಲೀನರ್ ಹೊಡೆದು, ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಮತ್ತೆ ಹಾಕಿದರು. ಕಣ್ಣೆದುರಿಗೇ 37 ಇದ್ದದ್ದು 80 ದಾಟಿತು. ಇಬ್ಬರೂ ಒಟ್ಟಿಗೆ ನಕ್ಕೆವು. ಆಮೇಲೆ ಕಪ್ಲರನ್ನೇ ಬದಲಾಯಿಸಿದೆವು. ಬ್ಯಾಟರಿಗೆ ಕೊಟ್ಟ ದುಡ್ಡಿನ ಪಕ್ಕದಲ್ಲಿ ಅದರ ಬೆಲೆ ಏನೇನೂ ಅಲ್ಲ.

ಈಗ ದಿನಾ ಬೆಳಿಗ್ಗೆ ಕೀ ತಿರುಗಿಸಿ, ಸ್ಟಾರ್ಟ್ ಮಾಡುವ ಮುಂಚೆ ಆ ಎರಡು ಸಂಖ್ಯೆ ನೋಡುತ್ತೇನೆ. ಎರಡೂ ಒಂದೇ ಕಂಡರೆ ಒಂಥರಾ ಸಮಾಧಾನ. ಇನ್ನೊಂದು ಖುಷಿ ನಾನು ನಿರೀಕ್ಷಿಸಿರಲಿಲ್ಲ. ಎಂಜಿನ್ ಆಫ್ ಇದ್ದು ಕೀ ಆನ್ ಇದ್ದಾಗ ಮ್ಯಾಪ್ ಸೆನ್ಸರ್ (ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವುದು) ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸುತ್ತದೆ. ನಮ್ಮಲ್ಲಿ 88 ಕಿಲೋಪಾಸ್ಕಲ್. ಸಂಪಾಜೆ ಘಾಟಿ ಇಳಿದು ಮಂಗಳೂರು ಮುಟ್ಟಿದರೆ 101ರ ಹತ್ತಿರ. ಘಾಟಿ ಇಳಿದಾಗೆಲ್ಲ ಎಲ್ಲಾದರೂ ನಿಲ್ಲಿಸಿ ಇದನ್ನು ನೋಡುವುದು ಈಗ ನಮ್ಮ ಮನೆ ಮಕ್ಕಳ ಆಟ.

ತಕರಾರೂ ಇವೆ. ಬ್ಲೂಟೂತ್ ಆಗಾಗ ಕಡಿದುಹೋಗುತ್ತದೆ, ಮತ್ತೆ 1234 ಒತ್ತಿ ಜೋಡಿಸಬೇಕು. ಸಾಕೆಟ್ಟಿನಿಂದ ಹೊರಗೆ ಚಾಚಿರುವುದರಿಂದ ಕ್ಲಚ್ ಒತ್ತುವಾಗ ಮೊಣಕಾಲಿಗೆ ತಾಗುತ್ತದೆ. ಕಾರು ಆಫ್ ಆದ ಮೇಲೂ ಕರೆಂಟ್ ಎಳೆಯುತ್ತಿರುತ್ತದೆ. ವಾರಗಟ್ಟಲೆ ಕಾರು ತೆಗೆಯದವರು ಇದನ್ನು ಚುಚ್ಚಿಯೇ ಬಿಡಬೇಡಿ. ಈ ಅಗ್ಗದ ಬ್ಲೂಟೂತ್ ಮಾದರಿ ಐಫೋನಿಗೆ ಹೊಂದುವುದಿಲ್ಲ, ಆಂಡ್ರಾಯ್ಡ್ ಬೇಕು.

ಕೊಳ್ಳುವ ಮುಂಚೆ ನಿಮ್ಮ ಕಾರು ಯಾವ ವರ್ಷದ್ದು ನೋಡಿ. ಕಾರ್ಬ್ಯುರೇಟರ್ ಕಾಲದ ಗಾಡಿಗೆ ಇದು ಪ್ರಯೋಜನವೇ ಇಲ್ಲ. ಆಮೇಲಿನ ಕೆಲವು ಹಳೇ ಕಾರುಗಳಲ್ಲಿ ಸಾಕೆಟ್ ಇದ್ದರೂ ಕಂಪನಿಯ ಮೆಷಿನ್ ಬಿಟ್ಟು ಬೇರೆ ಯಾವುದಕ್ಕೂ ಉತ್ತರ ಕೊಡುವುದಿಲ್ಲ. ಯಾರದ್ದಾದರೂ ಸ್ಕ್ಯಾನರ್ ಒಂದು ದಿನಕ್ಕೆ ಇಸ್ಕೊಂಡು ಚುಚ್ಚಿ ನೋಡಿ, ಲೈವ್ ಡೇಟಾ ಬಂದರೆ ಧೈರ್ಯವಾಗಿ ತಗೊಳ್ಳಿ.