ಪುಕ್ಕಟೆ ಯೂರಿಯಾ, ಸುಟ್ಟುಹೋದ ಗುಲಾಬಿ

ಹೂವಿನ ಕುಂಡಕ್ಕೆ ಕಡಿಮೆ ಖರ್ಚಿನ ಗೊಬ್ಬರ ಹುಡುಕುತ್ತಿದ್ದೀರಾ? ಮೊದಲು ನನ್ನ ಕಥೆ ಕೇಳಿ.

ನಮ್ಮ ತಾರಸಿಯಲ್ಲಿ ಎಂಟು ಗುಲಾಬಿ, ನಾಲ್ಕು ದುಂಡು ಮಲ್ಲಿಗೆ ಇದ್ದವು. ವರಮಹಾಲಕ್ಷ್ಮಿ ಹಬ್ಬಕ್ಕೆ ಮನೆ ಹೂವೇ ಏರಿಸಬೇಕು ಅಂತ ಆಸೆ. ನರ್ಸರಿಯಲ್ಲಿ ಗೊಬ್ಬರದ ಪ್ಯಾಕೆಟ್ಟಿನ ಬೆಲೆ ನೋಡಿ ಸುಮ್ನೆ ವಾಪಸ್ ಬಂದೆ. ಊರಿಗೆ ಹೋದಾಗ ತಮ್ಮ ಭತ್ತಕ್ಕೆ ತಂದಿಟ್ಟಿದ್ದ ಯೂರಿಯಾ ಕಣ್ಣಿಗೆ ಬಿತ್ತು. ಒಂದು ಡಬ್ಬಿ ತುಂಬಿಸಿಕೊಂಡೆ. ಪುಕ್ಕಟೆ ಅಲ್ವಾ!

ಎಲ್ಲ ಗುಲಾಬಿಯ ಬುಡಕ್ಕೂ ಅರ್ಧರ್ಧ ಹಿಡಿ ಹಾಕಿ, ಒಂದೊಂದು ಚೊಂಬು ನೀರು ಹುಯ್ದೆ. ಮೂರನೇ ದಿನ ಎಲೆಯ ಅಂಚು ಕೆಂಡದ ಮೇಲೆ ಹಿಡಿದ ಹಪ್ಪಳದ ಹಾಗೆ ಕಂದಾಯಿತು. ಐದನೇ ದಿನ ಮೊಗ್ಗು ತಲೆ ಬಗ್ಗಿಸಿದವು. ಮಣ್ಣು ಮುಟ್ಟಿದರೆ ಹಸಿ, ಗಿಡ ಮಾತ್ರ ಒಣಗುತ್ತಿದೆ. ತಮ್ಮನಿಗೆ ಫೋಟೋ ಕಳಿಸಿದೆ.

"ಅಯ್ಯೋ ಅಕ್ಕ, ಗದ್ದೆ ಲೆಕ್ಕ ಕುಂಡಕ್ಕೆ ಹಾಕಿದ್ಯಾ?"

ಗದ್ದೆ ಲೆಕ್ಕವನ್ನೂ ನಾನು ಹಾಕಿರಲಿಲ್ಲ. 45 ಕೆಜಿ ಮೂಟೆಯನ್ನು ಒಂದು ಎಕರೆಗೆ ಎರಚಿದರೆ ಚದರ ಮೀಟರಿಗೆ ಬೀಳುವುದು ಸುಮಾರು 11 ಗ್ರಾಂ. 12 ಇಂಚಿನ ಕುಂಡದ ಬಾಯಿಗೆ ಒಂದು ಗ್ರಾಂ ಕೂಡ ಬರುವುದಿಲ್ಲ. ಅರ್ಧ ಹಿಡಿ ಅಂದರೆ ಎಷ್ಟು ಪಟ್ಟು ಜಾಸ್ತಿ ಅಂತ ನೀವೇ ನೋಡಿ. ಉಪ್ಪು ಸವರಿದ ಸೌತೆಕಾಯಿ ನೀರು ಬಿಡುತ್ತಲ್ಲ, ಬೇರಿಗೂ ಅದೇ ಗತಿ. ಹೊಟ್ಟೆ ಉರಿಯುವ ವಿಷಯ ಬೇರೆಯೇ ಇದೆ. ಯೂರಿಯಾದಲ್ಲಿ ಇರುವುದು 46% ಸಾರಜನಕ, ರಂಜಕವೂ ಇಲ್ಲ, ಪೊಟ್ಯಾಷೂ ಇಲ್ಲ. ಅಳತೆ ಸರಿಯಾಗಿದ್ದರೂ ಎಲೆ ಸೊಂಪಾಗುತ್ತಿತ್ತೇ ಹೊರತು, ನನಗೆ ಬೇಕಿದ್ದ ಹೂ ಬರುತ್ತಿರಲಿಲ್ಲ.

ತಮ್ಮ ಹೇಳಿದ ಹಾಗೆ ಕುಂಡದ ತೂತಿನಿಂದ ಹರಿದು ಹೋಗುವಷ್ಟು ನೀರು ಹುಯ್ದೆ, ಎರಡು ದಿನ. ಎಂಟರಲ್ಲಿ ಮೂರು ಉಳಿದವು. ಹಬ್ಬದ ದಿನ ಮಾರ್ಕೆಟ್ಟಿನಿಂದಲೇ ಹೂ ತಂದೆವು. ಆವತ್ತಿನ ರೇಟು ಕೇಳಬೇಡಿ.

ಆಮೇಲೆ ಕಡಲೆಕಾಯಿ ಹಿಂಡಿ ಒಳ್ಳೆಯದು ಅಂತ ಪುಡಿ ಮಾಡಿ ಮಣ್ಣಿನ ಮೇಲೆ ಉದುರಿಸಿದೆ. ರಾತ್ರಿ ಹೆಗ್ಗಣ ಬಂದು ಎರಡು ಕುಂಡ ಬಗೆದು ಹಾಕಿತು. ಈಗ ಒಂದು ಹಿಡಿ ಹಿಂಡಿಯನ್ನು ಮೂರು ದಿನ ನೀರಲ್ಲಿ ನೆನೆಸಿ, ಒಂದು ಲೋಟಕ್ಕೆ ಹತ್ತು ಲೋಟ ನೀರು ಬೆರೆಸಿ ಹಾಕುತ್ತೇನೆ. ವಾಸನೆ ಬರುತ್ತದೆ, ಪಕ್ಕದ ಮನೆಯವರು ಮಲಗಿದ ಮೇಲೆ ಹಾಕಿ. ಇದು ಬಿಟ್ಟರೆ ತಿಂಗಳಿಗೊಮ್ಮೆ ಬೊಗಸೆ ಹಳೇ ಕೊಟ್ಟಿಗೆ ಗೊಬ್ಬರ. ಪುಡಿಪುಡಿಯಾಗಿ, ಮಣ್ಣಿನ ವಾಸನೆ ಬರುವಂಥದ್ದೇ ಆಗಬೇಕು. ಹಸಿ ಸಗಣಿ ಕುಂಡದೊಳಗೆ ಕೊಳೆಯುವಾಗ ಬಿಸಿಯಾಗುತ್ತದೆ, ಬೇರಿಗೆ ಮತ್ತದೇ ಕಾಟ. ಅಕ್ಕಿ ತೊಳೆದ ನೀರು ಯಾವಾಗ ಬೇಕಾದರೂ ಹಾಕಬಹುದು. ಉಪ್ಪು ಬಿದ್ದ ಗಂಜಿ ಮಾತ್ರ ಬೇಡ.

ಇನ್ನೊಂದು ದಡ್ಡತನ ಹೇಳಲೇಬೇಕು. ಯೂರಿಯಾ ತಂದಿದ್ದ ಡಬ್ಬಿಯನ್ನು ಅಡುಗೆಮನೆ ಕಟ್ಟೆಯ ಮೇಲೆಯೇ ಇಟ್ಟಿದ್ದೆ. ಹಬ್ಬದ ಬೆಳಗ್ಗೆ ಅತ್ತೆ ಅದನ್ನು ಸಾಬಕ್ಕಿ ಅಂದುಕೊಂಡು, ಪಾಯಸಕ್ಕೆ ನೆನೆಸಲು ಪಾತ್ರೆಗೆ ಸುರಿಯುತ್ತಿದ್ದರು.